ಕೆಳಗೆ ಜ್ವಾಲಾಮುಖಿ, ಮೇಲೆ ನನ್ನ ವಾಂತಿ

ತಂಗಿ ಗ್ರೆನಡಾದಲ್ಲಿ ಮೆಡಿಕಲ್ ಓದುತ್ತಿದ್ದಳು. 2018ರಲ್ಲಿ ಅವಳನ್ನು ನೋಡಲು ಹೋಗಿದ್ದೆ. ಕೆರಿಬಿಯನ್ ಸಮುದ್ರದ ಪುಟ್ಟ ದೇಶ, ಬಾವುಟದಲ್ಲೂ ಜಾಯಿಕಾಯಿ. ಶಿರಸಿ ಕಡೆಯವಳು ನಾನು, ಸಂತೆಯಲ್ಲಿ ಜಾಪತ್ರೆ ವಾಸನೆ ಮೂಗಿಗೆ ಬಡಿದಾಗಲೇ ಊರು ನೆನಪಾಯಿತು.

ಆದರೆ ನಾನು ಹಟ ಹಿಡಿದದ್ದು ಪಕ್ಕದ ಕ್ಯಾರಿಯಾಕೂ ದ್ವೀಪಕ್ಕೆ ಹೋಗಬೇಕು ಅಂತ. ಬೀಚ್‌ಗಾಗಿ ಅಲ್ಲ. ಆ ದಾರಿಯಲ್ಲಿ, ಗ್ರೆನಡಾದಿಂದ ಬರೀ 8 ಕಿಲೋಮೀಟರ್ ಉತ್ತರಕ್ಕೆ, ನೀರಿನೊಳಗೆ ಒಂದು ಜೀವಂತ ಜ್ವಾಲಾಮುಖಿ ಇದೆ. ಹೆಸರು ಕಿಕ್ ಎಮ್ ಜೆನ್ನಿ. ಹಿಂದಿನ ವರ್ಷ ಏಪ್ರಿಲ್‌ನಲ್ಲಷ್ಟೇ ಒಮ್ಮೆ ಸಿಡಿದಿತ್ತು.

"ಅಕ್ಕಾ, ಅಲ್ಲಿ ನೋಡೋಕೆ ಏನೂ ಇಲ್ಲ, ಸುಮ್ನೆ ನೀರು" ಅಂದಳು ತಂಗಿ. ಪರೀಕ್ಷೆ ಇದೆ ಅಂತ ಬರಲೂ ಇಲ್ಲ.

ಹಡಗು ಹೊರಟು ಒಂದು ಗಂಟೆಯೊಳಗೆ ನನ್ನ ಹೊಟ್ಟೆ ತಿರುಗಿತು. ಎರಡು ಸಲ ವಾಂತಿ. ಪಕ್ಕದ ಅಜ್ಜಿಯೊಬ್ಬರು ಚೀಲ ತಡಕಾಡಿ, ಮಣ್ಣು ಇನ್ನೂ ಹತ್ತಿಕೊಂಡಿದ್ದ ಶುಂಠಿಯನ್ನು ಉಗುರಲ್ಲೇ ಕೆರೆದು ಒಂದು ಚೂರು ಕೊಟ್ಟರು. ಜೆನ್ನಿ ಎಲ್ಲಿ ಅಂತ ಕೇಳಿದೆ. ತಲೆ ಎತ್ತದೆ, ಅಲ್ಲೇ ಎಲ್ಲೋ ಅನ್ನುವ ಹಾಗೆ ಗದ್ದ ಆಡಿಸಿದರು.

ನಿಜ, ಅದರ ತುದಿಯೇ ಸುಮಾರು 180 ಮೀಟರ್ ಆಳದಲ್ಲಿದೆ. 1939ರಲ್ಲಿ ಸಿಡಿದು ಬೂದಿಯ ಮೋಡ 275 ಮೀಟರ್ ಮೇಲೇರಿದಾಗಲೇ ಅಲ್ಲೊಂದು ಜ್ವಾಲಾಮುಖಿ ಇದೆ ಅಂತ ಜನಕ್ಕೆ ಗೊತ್ತಾಗಿದ್ದು. ಈಗ ಟ್ರಿನಿಡಾಡ್‌ನ ವಿಜ್ಞಾನಿಗಳು ಕಾಯುತ್ತಿರುತ್ತಾರೆ. ಅದರ ಸುತ್ತ 1.5 ಕಿಲೋಮೀಟರ್ ಒಳಗೆ ಹಡಗುಗಳು ಹೋಗುವ ಹಾಗಿಲ್ಲ, ಎಚ್ಚರಿಕೆ ಏರಿಸಿದರೆ 5 ಕಿಲೋಮೀಟರ್. ಭಯ ಬೆಂಕಿಯದ್ದು ಮಾತ್ರ ಅಲ್ಲ. ಅನಿಲ ಉಕ್ಕಿದರೆ ನೀರೆಲ್ಲ ಗುಳ್ಳೆ. ನೊರೆಯ ಮೇಲೆ ದೋಣಿ ನಿಲ್ಲುತ್ತಾ? ಕಲ್ಲಿನ ಹಾಗೆ ಮುಳುಗುತ್ತೆ ಅಷ್ಟೆ. 1944ರಲ್ಲಿ ಐಲ್ಯಾಂಡ್ ಕ್ವೀನ್ ಅನ್ನುವ ಹಾಯಿ ಹಡಗು 60ಕ್ಕೂ ಹೆಚ್ಚು ಜನರನ್ನು ಹೊತ್ತು ಗ್ರೆನಡಾದಿಂದ ಹೊರಟು, ಒಂದು ಹಲಗೆಯೂ ಸಿಗದಂತೆ ಕಾಣೆಯಾಯಿತು. ಜೆನ್ನಿಯೇ ನುಂಗಿದಳು ಅನ್ನುವವರಿದ್ದಾರೆ, ಯುದ್ಧದ ಕಾಲ, ಸಬ್‌ಮರೀನ್ ಹೊಡೆದಿರಬೇಕು ಅನ್ನುವವರೂ ಇದ್ದಾರೆ. ನಾನು ಕಂಬಿ ಹಿಡಿದು ಬಗ್ಗಿದ್ದಾಗ ನೆನಪಾಗಬೇಕಿದ್ದ ಕಥೆ ಇದಲ್ಲ, ಅಲ್ವಾ?

ಫೋನಿನಲ್ಲಿ 23 ಫೋಟೊ ತೆಗೆದಿದ್ದೆ. ಎಲ್ಲದರಲ್ಲೂ ನೀಲಿ ನೀರು. ಒಂದರಲ್ಲಿ ಮಾತ್ರ ಮೂಲೆಯಲ್ಲಿ ಅಜ್ಜಿಯ ಕೈ, ಶುಂಠಿ.

ಮರುದಿನ ವಾಪಸ್ ಬರುವಾಗ ಆ ಜಾಗ ಯಾವಾಗ ದಾಟಿತೋ ಗೊತ್ತಿಲ್ಲ. ಮಾತ್ರೆ ನುಂಗಿ ಮಲಗಿಬಿಟ್ಟಿದ್ದೆ.