ಜರಿ ಇಲ್ಲದ ಶಕುಂತಲೆ

‘ಅಕ್ಕಾರ, ಹೀರೋಯಿನ್ ಇದ್ದಾಳ್ರಿ, ಜರಿ ಇಲ್ದೆ ಹೆಂಗ್ರಿ?’ ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನಾಟಕದ ಬಟ್ಟೆ ಬಾಡಿಗೆಗೆ ಕೊಡುವ ಅಂಗಡಿಯವರ ಈ ಮಾತು ವಾರವಿಡೀ ತಲೆಯಲ್ಲಿ ತಿರುಗುತ್ತಿದೆ. ನಮ್ಮ ಹುಡುಗಿಯರು ಪಂಡಿತ ರಂಗಮಂದಿರದಲ್ಲಿ ಕಾಳಿದಾಸನ ಶಾಕುಂತಲ ಆಡುತ್ತಿದ್ದಾರೆ, ಬಟ್ಟೆಬರೆ ನನ್ನ ಪಾಲಿಗೆ ಬಂದಿದೆ.

ಅಂಗಡಿಯವರು ಹರವಿದ್ದು ಕೆಂಪು ಜರಿ ಸೀರೆ, ಡಾಬು, ಕಿರೀಟ. ಕಿರೀಟ! ಆಶ್ರಮದಲ್ಲಿ ಗಿಡಕ್ಕೆ ನೀರು ಹಾಕುವ ಹುಡುಗಿಗೆ. ಮೊದಲ ಅಂಕದಲ್ಲಿ ಅವಳು ಉಟ್ಟಿರೋದು ನಾರುಮಡಿ, ಕಿವಿಯಲ್ಲಿ ಶಿರೀಷದ ಹೂ, ಅಷ್ಟೇ. ಗೆಳತಿ ಪ್ರಿಯಂವದೆ ನಾರುಮಡಿ ಬಿಗಿಯಾಗಿ ಕಟ್ಟಿಬಿಟ್ಟಿದ್ದಾಳೆ ಅಂತ ಇನ್ನೊಬ್ಬ ಗೆಳತಿ ಅನಸೂಯೆ ಕೈಲಿ ಸಡಿಲ ಮಾಡಿಸಿಕೊಳ್ತಾಳೆ, ‘ನನ್ನನ್ಯಾಕೆ ಬೈತೀಯ, ನಿನ್ನ ಪ್ರಾಯವನ್ನ ಬೈಕೋ’ ಅಂತ ಪ್ರಿಯಂವದೆ ಕಾಲೆಳೀತಾಳೆ. ಜರಿ ಸೀರೆ ಉಡಿಸಿದರೆ ಈ ತಮಾಷೆ ಎಲ್ಲಿಗೆ ಹೋಗಬೇಕು?

ರೇಷ್ಮೆ ಬರೋದು ನಾಲ್ಕನೇ ಅಂಕಕ್ಕೆ, ಗಂಡನ ಮನೆಗೆ ಹೊರಟಾಗ. ಅದೂ ಕೆಂಪಲ್ಲ, ಬೆಳದಿಂಗಳಂಥ ಬಿಳಿ. ಮರಗಳೇ ಬಟ್ಟೆ, ಒಡವೆ, ಕಾಲಿಗೆ ಅರಗಿನ ಬಣ್ಣ ಕೊಡುತ್ತವೆ. ಪಾಪ, ಗೆಳತಿಯರಿಗೆ ಒಡವೆ ತೊಡಿಸಿ ಗೊತ್ತೇ ಇಲ್ಲ, ಚಿತ್ರದಲ್ಲಿ ನೋಡಿದ ಹಾಗೆ ತೊಡಿಸುತ್ತಾರೆ. ಅಂಗಡಿಯವರೂ ಕ್ಯಾಲೆಂಡರ್ ನೋಡಿಯೇ ಶಕುಂತಲೆಯನ್ನು ಸಿಂಗರಿಸುತ್ತಿದ್ದರು ಬಿಡಿ.

ಆದರೆ ಆಸಾಮಿ ದಡ್ಡ ಅಲ್ಲ. ‘ಹಿಂದ ಕುಂತವ್ರಿಗೆ ಕಾಣಬೇಕಲ್ರಿ’ ಅಂದರು. ಕಂಪನಿ ನಾಟಕಗಳಿಗೆ ಬಟ್ಟೆ ಕೊಟ್ಟು ಪಳಗಿದ ಕಣ್ಣು. ಮಣ್ಣಿನ ಬಣ್ಣದ ಬಟ್ಟೆ ಹಳದಿ ಲೈಟಿನಲ್ಲಿ ಪರದೆಗೇ ಅಂಟಿಕೊಂಡಂತೆ ಕಾಣುತ್ತದೆ. ಅದಕ್ಕೇ ಕಾವಿ ಬಣ್ಣದ ದಪ್ಪ ಹತ್ತಿ ಬಟ್ಟೆ ಆರಿಸಿದೆ, ಹೂ ಮಾತ್ರ ದೊಡ್ಡವು.

ನಿಜವಾದ ಗಲಾಟೆ ಏಳನೇ ಅಂಕದ್ದು. ಅಲ್ಲಿ ಅವಳು ಮಾಸಿದ ಬಟ್ಟೆಯಲ್ಲಿ, ಒಂದೇ ಜಡೆಯಲ್ಲಿ, ಸೊರಗಿದ ಮುಖದಲ್ಲಿ ಬರುತ್ತಾಳೆ. ದುಷ್ಯಂತ ಅದನ್ನೇ ನೋಡಿ ಕರಗುತ್ತಾನೆ, ಕಾಲಿಗೂ ಬೀಳುತ್ತಾನೆ. ಆದರೆ ಪಾತ್ರ ಮಾಡುವ ಹುಡುಗಿಯ ತಾಯಿ, ‘ಕೊನಿ ಸೀನಿನಾಗ ಎಲ್ಲಾರೂ ಫೋಟೋ ತಗೀತಾರ್ರಿ, ನನ್ ಮಗಳಿಗೆ ಹಳಿ ಸೀರಿ ಉಡಸ್ತೀರೇನ್ರಿ?’ ಅಂದರು. ಅವರನ್ನೊಬ್ಬರನ್ನೇ ಅಂದು ಏನು ಪ್ರಯೋಜನ? ಸೀರಿಯಲ್‌ಗಳಲ್ಲಿ ಆಸ್ಪತ್ರೆ ಮಂಚದ ಮೇಲೆ ಮಲಗಿದ ಸೊಸೆಯ ಕೊರಳಲ್ಲೂ ನೆಕ್ಲೇಸ್ ಇರುತ್ತದೆ. ಹೆಣ್ಣು ಅಳಲಿ, ಆದರೆ ಮಿಂಚುತ್ತಾ ಅಳಲಿ ಅಂತ ನಮಗೆಲ್ಲ ಒಳಗೊಳಗೇ ಆಸೆ. ಮರೆತು ಕೈಬಿಟ್ಟವನ ಮುಂದೆ ಅವಳು ಯಾಕೆ ಮಿಂಚಬೇಕು?

ಫೋಟೋ ನಾಲ್ಕನೇ ಅಂಕದಲ್ಲಿ ತೆಗೆಸೋಣ ಅಂದೆ. ಒಪ್ಪಿದ್ದಾರೆ. ಹಸಿರು ಬಳೆ ಮಾತ್ರ ಬಿಚ್ಚಲ್ವಂತೆ, ‘ಗಂಡ ಇದ್ದಾನಲ್ರಿ ಆಕಿಗೆ’ ಅಂತ.