ಖಾಲಿ ಸುತ್ತುತ್ತದೆ, ಮರಕ್ಕೆ ಕೊಟ್ಟರೆ ನಿಲ್ಲುತ್ತದೆ

ಪೀಣ್ಯದಲ್ಲಿ ಬಾಗಿಲು ಹಾಕಿದ ಫರ್ನಿಚರ್ ವರ್ಕ್‌ಶಾಪೊಂದರಿಂದ ಮೈಸೂರಿನ ಗೆಳೆಯರ ಮನೆ ಹಿಂದಿನ ಶೆಡ್ಡಿಗೆ ಬಂದ ಟೇಬಲ್ ಸಾ, ಅಂದರೆ ಮೇಜಿನ ನಡುವೆ ಬ್ಲೇಡು ಸುತ್ತುವ ಗರಗಸ ಅದು. ಬೀಡುಕಬ್ಬಿಣದ ಮೇಜು, 12 ಇಂಚಿನ ಬ್ಲೇಡು, ಹೊಟ್ಟೆಯೊಳಗೆ 2 ಎಚ್‌ಪಿ ತ್ರೀ ಫೇಸ್ ಮೋಟಾರು. ಮನೆಗಿರುವುದು ಸಿಂಗಲ್ ಫೇಸ್ ಕನೆಕ್ಷನ್. 230 ವೋಲ್ಟ್ ಒಳಗೆ ಕೊಟ್ಟರೆ ಮೂರು ಫೇಸು ಹೊರಗೆ ಕೊಡುವ ವಿಎಫ್‌ಡಿ ಡ್ರೈವನ್ನು ಅವರೇ ತಂದು ಜೋಡಿಸಿಕೊಂಡಿದ್ದರು. "ಖಾಲಿ ಬಿಟ್ರೆ ಚೆನ್ನಾಗೇ ಸುತ್ತುತ್ತೆ ಸಾರ್, ಒಂದಿಂಚು ಪೈನ್ ಹಲಗೇನೂ ಕೊಯ್ಯುತ್ತೆ. ಎರಡಿಂಚು ಹಲಸು ಕೊಟ್ರೆ ಗೊರಗೊರ ಅಂದು ನಿಂತೇ ಹೋಗುತ್ತೆ" ಎಂದರು. ಇಷ್ಟು ಕೇಳಿದರೆ ಸಾಕು, ಮೊದಲು ತೆಗೆಯಬೇಕಾದ್ದು ಡ್ರೈವಿನ ಮುಚ್ಚಳವಲ್ಲ, ಮೋಟಾರಿಗೆ ವೈರು ಸೇರುವ ಟರ್ಮಿನಲ್ ಬಾಕ್ಸು.

ನೇಮ್‌ಪ್ಲೇಟಿನಲ್ಲಿ 1.5 ಕಿಲೋವ್ಯಾಟ್, 415 ವೋಲ್ಟ್, 3.5 ಆಂಪಿಯರ್, 1420 ಆರ್‌ಪಿಎಂ, ಸ್ಟಾರ್ ಎಂದಿತ್ತು. ಮೋಟಾರಿನೊಳಗಿನ ಮೂರು ವೈಂಡಿಂಗುಗಳ (ತಂತಿ ಸುರುಳಿಗಳ) ಒಂದೊಂದು ತುದಿಯನ್ನು ಒಟ್ಟಿಗೆ ಗಂಟು ಹಾಕಿದರೆ ಸ್ಟಾರ್, ಒಂದರ ತುದಿಗೆ ಇನ್ನೊಂದರ ತುದಿ ಸೇರಿಸಿ ತ್ರಿಕೋನ ಮಾಡಿದರೆ ಡೆಲ್ಟಾ. ಸ್ಟಾರ್‌ನಲ್ಲಿ 415 ವೋಲ್ಟ್ ಕೊಟ್ಟಾಗ ಒಂದೊಂದು ವೈಂಡಿಂಗಿಗೆ ಸಿಗುವುದು 415 ಭಾಗಿಸು 1.732, ಅಂದರೆ 240 ವೋಲ್ಟ್. ಅದೇ ಸ್ಟಾರ್‌ಗೆ ಡ್ರೈವಿನಿಂದ 230 ಬಂದರೆ ವೈಂಡಿಂಗಿಗೆ ಉಳಿಯುವುದು 133. ಟಾರ್ಕು, ಅಂದರೆ ತಿರುಗಿಸುವ ಬಲ, ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಅದು ಮೂರನೇ ಒಂದು ಭಾಗಕ್ಕಿಂತಲೂ ಕೆಳಗೆ ಬರುತ್ತದೆ. ಖಾಲಿ ಸುತ್ತುವುದಕ್ಕೆ ಅಷ್ಟು ಸಾಕು. ಹಾಗಾಗಿಯೇ ಈ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ. ಡೆಲ್ಟಾ ಮಾಡಿದರೆ ಒಂದೊಂದು ವೈಂಡಿಂಗಿಗೂ ಪೂರ್ತಿ 230 ಸಿಗುತ್ತದೆ.

ಬಾಕ್ಸು ಬಿಚ್ಚುವ ಮುಂಚೆ ಎಂಸಿಬಿ ಇಳಿಸಿ ಹತ್ತು ನಿಮಿಷ ಕಾದೆವು. ಡ್ರೈವಿನೊಳಗಿನ ಕೆಪಾಸಿಟರುಗಳಲ್ಲಿ 325 ವೋಲ್ಟ್ ಡಿಸಿ ನಿಂತಿರುತ್ತದೆ, ಡಿಸ್‌ಪ್ಲೇ ಆರಿದ ಮಾತ್ರಕ್ಕೆ ಅದು ಆರಿದೆ ಎಂದಲ್ಲ. ಒಳಗೆ ಆರು ಬೋಲ್ಟು. ಕೆಳಗಿನ ಮೂರಕ್ಕೆ ಅಡ್ಡಲಾಗಿ ಹಿತ್ತಾಳೆ ಪಟ್ಟಿ, ಅಂದರೆ ಸ್ಟಾರ್. ಡೆಲ್ಟಾ ಆಗಬೇಕಾದರೆ ಪಟ್ಟಿಗಳನ್ನು ಮೇಲಿನ ಬೋಲ್ಟಿನಿಂದ ಕೆಳಗಿನ ಬೋಲ್ಟಿಗೆ ಉದ್ದುದ್ದ ಮೂರು ಸಾಲಾಗಿ ಹಾಕಬೇಕು: ಯು1ಕ್ಕೆ ಡಬ್ಲ್ಯು2, ವಿ1ಕ್ಕೆ ಯು2, ಡಬ್ಲ್ಯು1ಕ್ಕೆ ವಿ2. ಯು, ವಿ, ಡಬ್ಲ್ಯು ಮೂರು ವೈಂಡಿಂಗುಗಳು; 1, 2 ಅವುಗಳ ಎರಡು ತುದಿಗಳು. ಹಳೇ ಮೋಟಾರುಗಳಲ್ಲಿ ಇವೇ ಎ1, ಬಿ1, ಸಿ1 ಎಂದಿರುತ್ತವೆ.

ಆದರೆ ಪಟ್ಟಿ ತಿರುಗಿಸುವ ಮೊದಲು ಮಲ್ಟಿಮೀಟರ್ ಹಿಡಿಯಲೇಬೇಕು. ಒಮ್ಮೆ ರಿವೈಂಡ್ ಆಗಿ (ತಂತಿ ಹೊಸದಾಗಿ ಸುತ್ತಿಸಿಕೊಂಡು) ಬಂದ ಮೋಟಾರಿನಲ್ಲಿ ಕೆಳಸಾಲಿನ ತುದಿಗಳು ಸರಿಯಾದ ಜಾಗದಲ್ಲೇ ಇವೆ ಎಂದು ನಂಬಲಾಗದು. ಪಟ್ಟಿಗಳನ್ನೆಲ್ಲ ಕಳಚಿ, ಡ್ರೈವಿನ ವೈರು ಬಿಡಿಸಿ ಕಂಟಿನ್ಯೂಟಿ ನೋಡಿದರೆ ಒಂದರ ಕೆಳಗೊಂದಿರುವ ಬೋಲ್ಟುಗಳ ನಡುವೆ ಮೀಟರು ಕೂಗಬಾರದು. ಕೂಗಿತೆಂದರೆ ಎರಡೂ ಒಂದೇ ವೈಂಡಿಂಗಿನ ತುದಿಗಳು, ಅಲ್ಲಿ ಉದ್ದ ಪಟ್ಟಿ ಹಾಕಿದರೆ ಆ ವೈಂಡಿಂಗ್ ತನ್ನಷ್ಟಕ್ಕೆ ಶಾರ್ಟ್ ಆಗಿ ಕೂರುತ್ತದೆ. ಮೂರೂ ವೈಂಡಿಂಗಿನ ಓಮ್ ಒಂದೇ ಸಮ ಬರಬೇಕು. ಬಂತು. ಬಳಿಕ ಇನ್ಸುಲೇಶನ್ ಅಳೆಯುವ 500 ವೋಲ್ಟಿನ ಮೆಗ್ಗರಿನಲ್ಲಿ ವೈಂಡಿಂಗಿನಿಂದ ಬಾಡಿಗೆ ಅಳೆದೆವು. 1 ಮೆಗಾಓಮ್ ಕನಿಷ್ಠ, ಒಣಗಿದ ಒಳ್ಳೆಯ ಮೋಟಾರು ಅದಕ್ಕಿಂತ ಎಷ್ಟೋ ಮೇಲೆ ತೋರಿಸುತ್ತದೆ. ಡ್ರೈವು ಕೂಡಿಕೊಂಡಿರುವಾಗ ಮೆಗ್ಗರ್ ಹಾಕಿದರೆ ಡ್ರೈವೇ ಹೋಗುತ್ತದೆ.

ಎಲ್ಲ ಮೋಟಾರಿಗೂ ಈ ದಾರಿ ಇಲ್ಲ. ನಮ್ಮಲ್ಲಿ ಸಾಮಾನ್ಯವಾಗಿ 2 ಎಚ್‌ಪಿವರೆಗಿನವು ಸ್ಟಾರ್, 3 ಎಚ್‌ಪಿಯಿಂದ ಮೇಲಿನವು 415ಕ್ಕೇ ಡೆಲ್ಟಾ. ನೇಮ್‌ಪ್ಲೇಟಿನಲ್ಲಿ 415 ಡೆಲ್ಟಾ ಎಂದಿದ್ದರೆ ತಿರುಗಿಸುವುದಕ್ಕೆ ಪಟ್ಟಿಯೇ ಉಳಿದಿಲ್ಲ. ಮೋಟಾರು ಬದಲಿಸಬೇಕು, ಇಲ್ಲವೇ ತ್ರೀ ಫೇಸ್ ಕನೆಕ್ಷನ್ ತೆಗೆದುಕೊಳ್ಳಬೇಕು. ಬಾಕ್ಸಿನಲ್ಲಿ ಮೂರೇ ವೈರು ಬಂದಿದ್ದರೆ ಸ್ಟಾರ್ ಗಂಟು ವೈಂಡಿಂಗಿನೊಳಗೆ ಹೂತಿದೆ ಎಂದರ್ಥ. ಅದನ್ನು ಬಿಡಿಸಿ ಇನ್ನು ಮೂರು ತುದಿ ಹೊರಗೆಳೆಯುವುದು ವೈಂಡಿಂಗ್ ಅಂಗಡಿಯವರ ಕೆಲಸ. ಕೆಪಾಸಿಟರ್ ಕಟ್ಟಿ ತ್ರೀ ಫೇಸ್ ಮೋಟಾರನ್ನು ಸಿಂಗಲ್ ಫೇಸಿನಲ್ಲಿ ಓಡಿಸುವ ಹಳೇ ಉಪಾಯವೂ ಉಂಟು, ಕಿಲೋವ್ಯಾಟಿಗೆ ಸುಮಾರು 70 ಮೈಕ್ರೋಫ್ಯಾರಡ್ ಲೆಕ್ಕ. ಫ್ಯಾನಿಗೆ ಪರವಾಗಿಲ್ಲ. ಲೋಡು ಏರಿಳಿಯುವ ಗರಗಸಕ್ಕೆ ನಾವಂತೂ ಹಾಕುವುದಿಲ್ಲ.

ಡೆಲ್ಟಾ ಆದ ಮೇಲೆ ಕರೆಂಟೂ ಬದಲಾಗುತ್ತದೆ. 3.5 ಗುಣಿಸು 1.732, ಸುಮಾರು 6 ಆಂಪಿಯರ್. ಡ್ರೈವಿನಲ್ಲಿ ಅವರು 3.5 ಎಂದೇ ತುಂಬಿದ್ದರು. ಹಾಗೇ ಬಿಟ್ಟಿದ್ದರೆ ಲೋಡು ಬಂದಾಗಲೆಲ್ಲ ಓವರ್‌ಲೋಡ್ ಎಂದು ಟ್ರಿಪ್ ಆಗುತ್ತಿತ್ತು. ಹೊಸದಾಗಿ ತುಂಬಿದ್ದು ಹೀಗೆ: ಮೋಟಾರ್ ವೋಲ್ಟೇಜ್ 230, ಫ್ರೀಕ್ವೆನ್ಸಿ 50, ಕರೆಂಟ್ 6, ವೇಗ 1420, ಏರುವ ಸಮಯ 6 ಸೆಕೆಂಡ್. ಇಳಿಯುವ ಸಮಯ ಮೂರು ಸೆಕೆಂಡಿತ್ತು. ಭಾರದ ಬ್ಲೇಡನ್ನು ಅಷ್ಟು ಬೇಗ ತಡೆದರೆ ಮೋಟಾರು ಜನರೇಟರಿನಂತೆ ಡ್ರೈವಿಗೇ ಕರೆಂಟು ತಿರುಗಿಸಿ ಓವರ್‌ವೋಲ್ಟೇಜ್ ತೋರಿಸುತ್ತದೆ, ಮೇಲಾಗಿ ಬ್ಲೇಡಿನ ನಟ್ಟು ಸಡಿಲವಾಗುವ ಭಯವೂ ಇದೆ. ಹತ್ತು ಸೆಕೆಂಡಿಗೆ ಏರಿಸಿದೆವು. ರಿವರ್ಸನ್ನು ಪೂರ್ತಿ ಲಾಕ್ ಮಾಡಿದೆವು.

ಹೆಚ್ಚು ಹೊತ್ತು ಹಿಡಿದದ್ದು ಸ್ಟಾರ್ಟ್–ಸ್ಟಾಪ್ ವೈರಿಂಗು, ಹಿಡಿಯಬೇಕಾದದ್ದೂ ಅದೇ. ಯಂತ್ರದ ಜೊತೆ ಬಂದ, ಮೋಟಾರನ್ನು ನೇರ ಲೈನಿಗೆ ಸೇರಿಸುವ ಡಿಒಎಲ್ ಸ್ಟಾರ್ಟರು ಡ್ರೈವಿಗೂ ಮೋಟಾರಿಗೂ ನಡುವೆ ಹಾಗೇ ಕೂತಿತ್ತು. ಕಾಂಟ್ಯಾಕ್ಟನ್ನು ಎಳೆದು ಹಿಡಿಯುವ ಅದರ ಕಾಯಿಲು 415 ವೋಲ್ಟಿನದು, 230ಕ್ಕೆ ಎಳೆಯದು. ಅದಕ್ಕೆಂದು ಯಾರೋ ಕಾಂಟ್ಯಾಕ್ಟನ್ನು ಬೈಪಾಸ್ ಮಾಡಿ, ಡ್ರೈವಿನ ರನ್ ಟರ್ಮಿನಲ್ಲಿಗೆ ಲೈಟಿನ ಸ್ವಿಚ್ಚೊಂದನ್ನು ತೂಗುಹಾಕಿದ್ದರು. ಡ್ರೈವಿಗೂ ಮೋಟಾರಿಗೂ ಮಧ್ಯೆ ಯಾವ ಕಾಂಟ್ಯಾಕ್ಟರೂ ಇರಕೂಡದು. ಓಡುವಾಗ ಅದು ಬಿಟ್ಟುಕೊಂಡರೆ ಡ್ರೈವಿನ ಔಟ್‌ಪುಟ್ ಸುಟ್ಟುಹೋಗಬಹುದು. ಅದಕ್ಕಿಂತ ಅಪಾಯ ಆ ಸ್ವಿಚ್ಚು. ಬ್ಲೇಡು ಓಡುತ್ತಿರುವಾಗ ಕರೆಂಟು ಹೋಗುತ್ತದೆ. ಸ್ವಿಚ್ಚು ಆನ್ ಆಗಿಯೇ ಉಳಿದಿದೆ ಎಂಬುದು ಯಾರಿಗೂ ನೆನಪಿರುವುದಿಲ್ಲ. ಬ್ಲೇಡಿನ ಪಕ್ಕದ ತುಂಡನ್ನು ಕೈಯಲ್ಲಿ ತೆಗೆಯುವಾಗ ಕರೆಂಟು ಬಂದುಬಿಡುತ್ತದೆ.

ಹಳೇ ಸ್ಟಾರ್ಟರಿನಲ್ಲಿ ಕರೆಂಟು ಹೋದೊಡನೆ ಕಾಯಿಲು ಬಿಟ್ಟುಕೊಂಡು, ಮತ್ತೆ ಹಸಿರು ಬಟನ್ ಒತ್ತುವವರೆಗೆ ಯಂತ್ರ ಸುಮ್ಮನಿರುತ್ತಿತ್ತು. ಡ್ರೈವಿನಲ್ಲಿ ಆ ಗುಣ ಬರಬೇಕಾದರೆ ತ್ರೀ ವೈರ್ ಕಂಟ್ರೋಲ್ ಹಾಕಬೇಕು: ಸ್ಟಾರ್ಟಿಗೆ ಒತ್ತಿ ಬಿಡುವ ನಾರ್ಮಲಿ ಓಪನ್ (ಒತ್ತಿದಾಗ ಮಾತ್ರ ಕೂಡುವ) ಬಟನ್, ಸ್ಟಾಪಿಗೆ ಅಣಬೆ ತಲೆಯ ನಾರ್ಮಲಿ ಕ್ಲೋಸ್ಡ್ (ಒತ್ತಿದಾಗ ಕಡಿಯುವ) ಬಟನ್. ಸ್ಟಾಪ್ ವೈರು ತುಂಡಾದರೂ, ಅದರ ತುದಿಯ ಲಗ್ಗು ಕಳಚಿದರೂ ಯಂತ್ರ ನಿಲ್ಲುತ್ತದೆ. ಕರೆಂಟು ಬಂದಾಗ ತಾನೇ ಸ್ಟಾರ್ಟ್ ಆಗುವ ಪ್ಯಾರಾಮೀಟರನ್ನೂ ಆಫ್ ಮಾಡಿದೆವು, ಆದರೆ ಅದೊಂದನ್ನೇ ನಂಬಲಿಲ್ಲ. ಬೆಲ್ಟು ಕಳಚಿ, ಮೋಟಾರು ಓಡುತ್ತಿರುವಾಗ ಎಂಸಿಬಿ ಇಳಿಸಿ, ಡಿಸ್‌ಪ್ಲೇ ಪೂರ್ತಿ ಆರಿದ ಮೇಲೆ ಏರಿಸಿ ನೋಡಿದೆವು. ಅಲುಗಲಿಲ್ಲ. ಬ್ಲೇಡು ಬದಲಿಸುವಾಗ ಮಾತ್ರ ಸ್ಟಾಪ್ ಬಟನ್ ಸಾಲದು, ಪ್ಲಗ್ಗೇ ಕೀಳಬೇಕು. ಹಾಗೆಂದು ಪ್ಲಗ್ಗಿನಲ್ಲೇ ಆನ್–ಆಫ್ ಮಾಡುವ ಚಾಳಿಯೂ ಬೇಡ. ಪದೇಪದೇ ಹಾಗೆ ಮಾಡಿದರೆ ಡ್ರೈವಿನ ಚಾರ್ಜಿಂಗ್ ರೆಸಿಸ್ಟರು ಸುಡುತ್ತದೆ.

ಮೋಟಾರಿಗೆ ಹೋಗಿದ್ದದ್ದು ಮೂರು ಕೋರಿನ ಕೇಬಲ್. ಮೂರೂ ಫೇಸಿಗೇ ಮುಗಿದು, ಅಷ್ಟು ದೊಡ್ಡ ಕಬ್ಬಿಣದ ಬಾಡಿಗೆ ಅರ್ಥಿಂಗೇ ಇರಲಿಲ್ಲ. ಸೆಕೆಂಡ್ ಹ್ಯಾಂಡ್ ಯಂತ್ರಗಳಲ್ಲಿ ಇದು ಅಪರೂಪವೇನಲ್ಲ. ನಾಲ್ಕು ಕೋರಿನ 2.5 ಚದರ ಮಿಲಿಮೀಟರ್ ತಾಮ್ರದ ಫ್ಲೆಕ್ಸಿಬಲ್ ಎಳೆದು, ಹಸಿರನ್ನು ಮೋಟಾರಿನಿಂದ ಡ್ರೈವಿನ ಅರ್ಥ್ ಟರ್ಮಿನಲ್ಲಿಗೆ ನೇರ ತಂದೆವು. ಮೇಜಿನ ಬಾಡಿಗೆ ಬೇರೆ ಲಗ್ಗು. ಅದರಡಿಯ ಪೇಂಟನ್ನು ಹೊಳೆಯುವವರೆಗೆ ಕೆರೆದು ಹಲ್ಲಿನ ವಾಷರ್ ಹಾಕಿದ್ದಾಯಿತು. ಬ್ಲೇಡಿನ ಶಾಫ್ಟಿನಿಂದ ಪ್ಲಗ್ಗಿನ ಅರ್ಥ್ ಪಿನ್ನಿಗೆ 1 ಓಮ್‌ಗಿಂತ ಕಡಿಮೆ.

ಮೇನ್ಸ್ ಕಡೆಗೆ ಬಂದರೆ, ಮೋಟಾರು 6 ಆಂಪಿಯರ್ ತಿಂದರೂ ಡ್ರೈವು ಸಿಂಗಲ್ ಫೇಸಿನಿಂದ 14–15 ಎಳೆಯುತ್ತದೆ. ಗೀಸರಿನ 16 ಆಂಪಿಯರ್ ಪವರ್ ಪ್ಲಗ್ಗು ಬಿಸಿಯಾಗುತ್ತಿದ್ದದ್ದು ಅದಕ್ಕೇ. ಡಿಬಿಯಿಂದ (ಮನೆಯ ಡಿಸ್ಟ್ರಿಬ್ಯೂಷನ್ ಬೋರ್ಡಿನಿಂದ) 4 ಚದರ ಮಿಲಿಮೀಟರಿನ ಪ್ರತ್ಯೇಕ ಲೈನು, 25 ಆಂಪಿಯರ್ ಸಿ ಕರ್ವ್ ಎಂಸಿಬಿ, 32 ಆಂಪಿಯರ್ ನೀಲಿ ಇಂಡಸ್ಟ್ರಿಯಲ್ ಸಾಕೆಟ್. ಕರೆಂಟು ಸೋರಿದರೆ ಲೈನು ಕಡಿಯುವ ಮನೆಯ ಆರ್‌ಸಿಸಿಬಿ ಎಸಿ ಟೈಪಿನದು, ಡ್ರೈವಿನೊಳಗಿನ ಫಿಲ್ಟರಿನಿಂದ ಅರ್ಥಿಂಗಿಗೆ ಸೋರುವ ಕರೆಂಟಿಗೆ ಆಗಾಗ ಬೀಳುತ್ತಿತ್ತು. ಈ ಲೈನಿಗಷ್ಟೇ ಬೇರೆ ಟೈಪ್ ಎ ಹಾಕಿಸಿದೆವು. ಡ್ರೈವನ್ನು ಮೇಜಿನ ಕೆಳಗಿನಿಂದ ಕಿತ್ತು ಗೋಡೆಗೆ, ಹೊಟ್ಟು ತಡೆಯುವ ಗಾಳಿ ಫಿಲ್ಟರ್ ಇರುವ ಬಾಕ್ಸಿನೊಳಕ್ಕೆ ಸೇರಿಸಿದೆವು. ಅದರ ಫ್ಯಾನು ಆಗಲೇ ಸಾಕಷ್ಟು ಹೊಟ್ಟು ನುಂಗಿತ್ತು. ಹಲ್ಲಿ, ಇರುವೆ ನುಗ್ಗದಂತೆ ಕೇಬಲ್ ಒಳಹೋಗುವ ಗ್ಲ್ಯಾಂಡುಗಳನ್ನೂ ಬಿಗಿ ಮಾಡಿದೆವು. ಎಷ್ಟೋ ಸ್ಟಾರ್ಟರುಗಳು ಸತ್ತದ್ದು ಹಲ್ಲಿಯಿಂದ!

ಬ್ಲೇಡು ತೆಗೆದು 5 ಹರ್ಟ್ಸಿನಲ್ಲಿ ಜಾಗ್ ಮಾಡಿ (ಒಂದಿಷ್ಟು ಮೆಲ್ಲಗೆ ತಿರುಗಿಸಿ) ದಿಕ್ಕು ನೋಡಿದೆವು. ಮೇಲ್ಗಡೆಯ ಹಲ್ಲು ಕೊಯ್ಯುವವರ ಕಡೆಗೆ ಬರಬೇಕು. ಹೊಸ ಕೇಬಲ್ ಹಾಕಿದ ಮೇಲೆ ಇದು ಉಲ್ಟಾ ಆಗಿತ್ತು, ಔಟ್‌ಪುಟ್ಟಿನ ಎರಡು ವೈರು ಅದಲುಬದಲು ಮಾಡಿದರೆ ಮುಗಿಯಿತು. ಆಮೇಲೆ ಬ್ಲೇಡು ಹಾಕಿ ಅದೇ ಎರಡಿಂಚು ಹಲಸು ಕೊಟ್ಟರೆ ಮೋಟಾರು ನಿಲ್ಲಲಿಲ್ಲ, ಡಿಸ್‌ಪ್ಲೇಯಲ್ಲಿ ಐದೂವರೆ ಆಂಪಿಯರ್ ಆಸುಪಾಸು. ಈ ಸಲ ಕಿರುಚಿದ್ದು ಬೆಲ್ಟು. ಮೋಟಾರಿಗೆ ಟಾರ್ಕು ಮರಳಿದ್ದರಿಂದ ಬಿರುಕು ಬಿಟ್ಟ ಎ ಸೆಕ್ಷನ್ ಬೆಲ್ಟುಗಳು ಪುಲ್ಲಿಯ ಮೇಲೆ ಜಾರತೊಡಗಿದವು. ಒಂದನ್ನೇ ಬದಲಿಸಿದರೆ ಹೊಸದರ ಮೇಲೇ ಎಲ್ಲ ಭಾರ ಬೀಳುತ್ತದೆ, ಜೊತೆಯಾಗಿ ಎರಡನ್ನೂ ತರಿಸಲು ಹೇಳಿದೆವು.