ಹೀಲಿಯಮ್ ಉಳಿಸಲು ಹೋದ ಭಾನುವಾರ

ಆ ಭಾನುವಾರ ಗ್ರಾಂಡೆ ದ್ವೀಪದ ಹತ್ತಿರ ನೀರು ಹಾಲು ಕಮ್ಮಿಯಾದ ಚಹಾದ ಹಾಗಿತ್ತು. ಸೂಜೀಸ್ ರೆಕ್ ಅನ್ನುವ ಹಳೆಯ ಹಡಗಿನ ಕಬ್ಬಿಣ ಕೈಗೆ ತಾಗಿದ ಮೇಲೆಯೇ ಕಣ್ಣಿಗೆ ಕಂಡಿದ್ದು. ಗೋವಾಕ್ಕೆ ಬಂದವರು ಅಲ್ಲಿ ಮೀನು ನೋಡಲು ಇಳಿಯುತ್ತಾರೆ. ನಾನೂ ಅಣ್ಣನೂ ಇಳಿದಿದ್ದು ರಿಬ್ರೀದರ್ ಅನ್ನುವ ನಮ್ಮ ಉಸಿರಾಟದ ಯಂತ್ರಗಳು ಸರಿ ಇವೆಯಾ ಅಂತ ನೋಡಲು. ಮುಂದಿನ ತಿಂಗಳು ಶ್ರೀಲಂಕಾದ ಬಟ್ಟಿಕಲೋವಾಕ್ಕೆ ಹೋಗುವವರಿದ್ದೆವು. ಅಲ್ಲಿ ಸುಮಾರು 53 ಮೀಟರ್ ಆಳದಲ್ಲಿ ಎಚ್‌ಎಂಎಸ್ ಹರ್ಮಿಸ್ ಮಲಗಿದೆ. 1942ರ ಏಪ್ರಿಲ್ 9ರಂದು ಜಪಾನಿನ ವಿಮಾನಗಳು ಮುಳುಗಿಸಿದ ಬ್ರಿಟಿಷ್ ವಿಮಾನವಾಹಕ ಹಡಗು ಅದು.

ಅಣ್ಣ ಅಂದರೆ ಸ್ವಂತ ಅಣ್ಣ ಅಲ್ಲ. ಧಾರವಾಡದ ಕಡೆಯವರು. ವಾಸ್ಕೋಗೆ ಬಂದು ಇಪ್ಪತ್ತು ವರ್ಷವಾಯ್ತು. ಮೊದಲು ಹಡಗುಗಳ ತಳ ಉಜ್ಜುವ ಕೆಲಸಕ್ಕೆ ನೀರಿಗೆ ಇಳಿಯುತ್ತಿದ್ದವರು. ನಾನು ಗದಗದವನು, ವೆರ್ಣಾದ ಒಂದು ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡುತ್ತೇನೆ. ನನ್ನ ಕೆಲಸ ಇದು ಅಂತ ಹೇಳಿಕೊಳ್ಳಲು ಈ ಬರಹದಲ್ಲಿ ಸ್ವಲ್ಪ ನಾಚಿಕೆಯೇ.

ರಿಬ್ರೀದರ್‌ನಲ್ಲಿ ನಾವು ಬಿಟ್ಟ ಉಸಿರು ಗುಳ್ಳೆಯಾಗಿ ಹೊರಗೆ ಹೋಗುವುದಿಲ್ಲ. ಸೋಡಾ ಲೈಮ್ ತುಂಬಿದ ಡಬ್ಬಿ ಅದರಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಳ್ಳುತ್ತದೆ. ದೇಹ ಖರ್ಚು ಮಾಡಿದಷ್ಟು ಆಮ್ಲಜನಕವನ್ನು ಯಂತ್ರ ಒಂದು ಪುಟ್ಟ ಸಿಲಿಂಡರ್‌ನಿಂದ ಸೇರಿಸುತ್ತದೆ. ಇನ್ನೊಂದು ಪುಟ್ಟ ಸಿಲಿಂಡರ್‌ನಲ್ಲಿ ಡಿಲ್ಯುಯೆಂಟ್ ಅನ್ನುವ ಗ್ಯಾಸ್ ಇರುತ್ತದೆ. ಕೆಳಗೆ ಇಳಿದಂತೆ ಒತ್ತಡಕ್ಕೆ ಉಸಿರಿನ ಚೀಲ ಕುಗ್ಗುತ್ತದಲ್ಲ, ಆ ಜಾಗ ತುಂಬಲು ಅದು. ಇದೆಲ್ಲ ಕೈಕೊಟ್ಟರೆ ಅಂತ ಪಕ್ಕಕ್ಕೆ ಒಂದು ಬೇಲ್‌ಔಟ್ ಸಿಲಿಂಡರ್ ನೇತುಹಾಕಿಕೊಂಡಿರುತ್ತೇವೆ.

12 ಮೀಟರ್‌ನಲ್ಲಿ ಅಣ್ಣ ಕೈ ಸನ್ನೆ ಮಾಡಿದರು. ಡಿಲ್ಯುಯೆಂಟ್ ಒತ್ತಿ ಲೂಪ್, ಅಂದರೆ ಉಸಿರು ಸುತ್ತುವ ದಾರಿ, ತೊಳೆದೆ. ಆ ಆಳದಲ್ಲಿ ಒತ್ತಡ 2.2 ಬಾರ್. ಡಿಲ್ಯುಯೆಂಟ್ ಸಾದಾ ಗಾಳಿ, ಅಂದರೆ 21 ಪರ್ಸೆಂಟ್ ಆಮ್ಲಜನಕ. ಆಮ್ಲಜನಕದ ಪಾಲಿನ ಒತ್ತಡ ಅಳೆಯುವ ಮೂರೂ ಸೆನ್ಸರ್ 0.46 ತೋರಿಸಬೇಕು. ಎರಡು ತೋರಿಸಿದವು. ಮೂರನೆಯದು 0.41ಕ್ಕೇ ನಿಂತಿತ್ತು. ಆಮೇಲೆ ಬೇಲ್‌ಔಟ್ ಅಭ್ಯಾಸ. ಎಂಟು ನಿಮಿಷ ಅದರಿಂದಲೇ ಉಸಿರಾಡಿದೆ. ಮೀಟರ್ 200 ಬಾರ್‌ನಿಂದ 168ಕ್ಕೆ ಇಳಿಯಿತು. ಇಷ್ಟೇನಾ ಅನಿಸಿತು. ಆ 'ಇಷ್ಟೇನಾ' ತಲೆಯಲ್ಲಿ ಇಟ್ಟುಕೊಂಡೇ ದಡಕ್ಕೆ ಬಂದೆ.

ಮಧ್ಯಾಹ್ನ ಅಣ್ಣನ ಮನೆಯಲ್ಲಿ ಕೂತೆವು. ವೈನಿ ಗಿರಮಿಟ್ ಮಾಡಿದ್ದರು, ಜೊತೆಗೆ ಮಿರ್ಚಿ. ಬಟ್ಟಿಕಲೋವಾದ ದೋಣಿಯವರಿಗೆ ಸಂಜೆಯೊಳಗೆ ಯಾವ ಗ್ಯಾಸ್ ಎಷ್ಟು ಬೇಕು ಅಂತ ತಿಳಿಸಬೇಕಿತ್ತು. ಹೀಲಿಯಮ್ ಮೊದಲೇ ತರಿಸಿಡಬೇಕಲ್ಲ. ಸಾದಾ ಗಾಳಿ 30 ಮೀಟರ್ ದಾಟಿದರೆ ತಲೆಗೆ ಏರುತ್ತದೆ, ಖಾಲಿ ಹೊಟ್ಟೆಯಲ್ಲಿ ಕುಡಿದ ಹಾಗೆ. ಅದಕ್ಕೇ ನೈಟ್ರೋಜನ್ ಕಮ್ಮಿ ಮಾಡಿ ಹೀಲಿಯಮ್ ಬೆರೆಸುತ್ತಾರೆ. ಅದನ್ನೇ ಟ್ರೈಮಿಕ್ಸ್ ಅನ್ನುವುದು. 1868ರ ಆಗಸ್ಟ್ 18ರ ಸೂರ್ಯಗ್ರಹಣವನ್ನು ನಮ್ಮ ಪಕ್ಕದ ಗುಂಟೂರಿನಲ್ಲಿ ಕೂತು ನೋಡಿದ ಫ್ರೆಂಚ್ ವಿಜ್ಞಾನಿ ಜಾನ್ಸೆನ್ ಹೆಸರು ಹೀಲಿಯಮ್ ಪತ್ತೆಯಾದ ಕಥೆಯಲ್ಲಿ ಮೊದಲೇ ಬರುತ್ತದೆ. ಅಷ್ಟಾದರೂ ಈ ಗ್ಯಾಸ್ ನಮಗೆ ಹೊರದೇಶದಿಂದಲೇ ಬರಬೇಕು. ರೇಟೂ ಹಾಗೇ ಇರುತ್ತದೆ.

ನಾನು ಹಿಂದಿನ ರಾತ್ರಿಯೇ ಹಾಳೆ ತಯಾರು ಮಾಡಿಟ್ಟಿದ್ದೆ. ಡಿಲ್ಯುಯೆಂಟ್‌ಗೆ 18/45, ಅಂದರೆ 18 ಪರ್ಸೆಂಟ್ ಆಮ್ಲಜನಕ, 45 ಪರ್ಸೆಂಟ್ ಹೀಲಿಯಮ್. ಬೇಲ್‌ಔಟ್‌ಗೆ ಸಾದಾ ಗಾಳಿ. ಅಣ್ಣ ಕನ್ನಡಕ ಏರಿಸಿ ಎರಡು ಸಲ ಓದಿದರು.

"ಡಿಲ್ಯುಯೆಂಟ್ 18 ಯಾಕ?"

"60 ಮೀಟರ್‌ಗೆ ಎಲ್ಲಾರೂ ಅದನ್ನ ಒಯ್ತಾರಲ್ಲ ಅಣ್ಣಾ."

"ಅದು ಗುಳ್ಳೆ ಬಿಡಾವ್ರ ಲೆಕ್ಕ."

ಅವರು ಹೇಳಿದ್ದು ಸರಿ. 53 ಮೀಟರ್‌ನಲ್ಲಿ ಒತ್ತಡ 6.3 ಬಾರ್. 18 ಪರ್ಸೆಂಟ್ ಅಲ್ಲಿ 1.13 ಆಗುತ್ತದೆ. ಆಮ್ಲಜನಕ 1.2ರಲ್ಲೇ ಇರುವ ಹಾಗೆ ನಾವು ಯಂತ್ರವನ್ನು ಇಡುವುದು. ಬೆಳಗ್ಗೆ ಮಾಡಿದ ಹಾಗೆ ಲೂಪ್ ತೊಳೆದರೆ ಎರಡಕ್ಕೂ ಅಂತರವೇ ಕಾಣುವುದಿಲ್ಲ, ಸೆನ್ಸರ್ ಸುಳ್ಳು ಹೇಳುತ್ತಿದೆಯಾ ಅಂತ ಹೇಗೆ ಗೊತ್ತಾಗಬೇಕು? 15/50 ಆದರೆ 0.95ಕ್ಕೆ ಇಳಿಯುತ್ತದೆ, ಕಣ್ಣಿಗೆ ಕಾಣುತ್ತದೆ. ಹಾಗಾದರೆ 10 ಪರ್ಸೆಂಟೇ ಇರಲಿ ಅಂದೆ. ಅಣ್ಣ ತಲೆ ಅಲ್ಲಾಡಿಸಿದರು. ನೀರಿನ ಮೇಲೆ ಅದೇ ಗ್ಯಾಸ್ ಬರೀ 0.10. ಮುನ್ಸೂಚನೆ ಇಲ್ಲದೆ ಪ್ರಜ್ಞೆ ತಪ್ಪುತ್ತದೆ. 15 ಕೂಡ ಮೇಲೆ ತೆಳುವೇ, ಆದರೆ ಆಮ್ಲಜನಕ ಸೇರಿಸಿಕೊಂಡು ಸಂಭಾಳಿಸಬಹುದು. ಅದು ಅಲ್ಲಿಗೆ ಮುಗಿಯಿತು.

ಆಮೇಲೆ ಅವರ ಬೆರಳು ಎರಡನೇ ಸಾಲಿಗೆ ಬಂತು. "ಇದ್ರಾಗ ಸಾದಾ ಗಾಳಿ ಹಾಕೀಯಲ್ಲೋ ತಮ್ಮಾ?"

"ಅದನ್ನ ಯಾರ್ ಉಸಿರಾಡ್ತಾರ ಅಣ್ಣಾ? ಸುಮ್ನ ಹೊತ್ಕೊಂಡ್ ಹೋಗೂದು, ಹೊತ್ಕೊಂಡ್ ಬರೂದು. ಆಮ್ಲಜನಕ 1.32 ಆಗ್ತದ, ಮಿತಿ 1.4. ಲೆಕ್ಕ ಹಾಕೀನಿ."

"ತೂಕದ್ದು ಹಾಕೀಯೇನು?"

ಹಾಕಿರಲಿಲ್ಲ. ಅಣ್ಣ ಪೆನ್ಸಿಲ್ ಕೊಟ್ಟರು. ಒಂದು ಲೀಟರ್ ಗಾಳಿ ನೀರಿನ ಮೇಲೆ ಸುಮಾರು 1.29 ಗ್ರಾಂ. 6.3ರಿಂದ ಗುಣಿಸಿದರೆ 8.1. ಡೈವಿಂಗ್ ಸಂಶೋಧಕರಾದ ಗ್ಯಾವಿನ್ ಆ್ಯಂಟನಿ ಮತ್ತು ಸೈಮನ್ ಮಿಚೆಲ್ ಅವರು ಲೀಟರ್‌ಗೆ 5.2 ಗ್ರಾಂ ಒಳಗಿದ್ದರೆ ಒಳ್ಳೆಯದು, 6.2 ದಾಟಲೇಬೇಡಿ ಅಂದಿದ್ದಾರೆ. ಗ್ಯಾಸ್ ದಪ್ಪವಾದಷ್ಟೂ ಶ್ವಾಸಕೋಶಕ್ಕೆ ಅದನ್ನು ಹೊರಗೆ ತಳ್ಳುವುದು ಕಷ್ಟ. ಇಂಗಾಲದ ಡೈಆಕ್ಸೈಡ್ ಒಳಗೇ ಉಳಿಯುತ್ತದೆ. 18/45 ಆದರೆ ಅದೇ ಆಳದಲ್ಲಿ 5 ಗ್ರಾಂ ಚಿಲ್ಲರೆ.

"ಬೇಲ್‌ಔಟ್ ಬಾಯಿಗೆ ಯಾವಾಗ ಇಡ್ತೀ? ಸೋಡಾ ಲೈಮ್ ಸತ್ತಾಗ. ಆಗ ನಾಯಿಗತೆ ತೇಕ್ತಿರ್ತೀ. ಆ ಹೊತ್ತಿನ್ಯಾಗ ಈ ಗಂಜಿ ಎಳೀತೀಯೇನು?"

ನಾನು ಸುಮ್ಮನಾದೆ. 2005ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದ ಬುಷ್‌ಮನ್ಸ್ ಹೋಲ್‌ನಲ್ಲಿ, 270 ಮೀಟರ್ ಆಳದಲ್ಲಿ ತೀರಿಕೊಂಡ ಡೇವಿಡ್ ಶಾ ನೆನಪಾದರು. ರಿಬ್ರೀದರ್‌ನಲ್ಲೇ ಇದ್ದವರು. ಅವರ ಹೆಲ್ಮೆಟ್ ಕ್ಯಾಮೆರಾದಲ್ಲಿ ಕೊನೆಯ ಉಸಿರಾಟದ ಸದ್ದು ದಾಖಲಾಗಿದೆ. ಗಟ್ಟಿಯಾದ ಗ್ಯಾಸ್, ಮೈಮುರಿಯುವ ಕೆಲಸ, ಒಳಗೇ ತುಂಬಿಕೊಂಡ ಡೈಆಕ್ಸೈಡ್.

ಅಣ್ಣ ಬಿಡಲಿಲ್ಲ. ಬೆಳಗಿನ ಎಂಟು ನಿಮಿಷದ ಲೆಕ್ಕ ಹಾಕಿಸಿದರು. 11 ಲೀಟರ್ ಸಿಲಿಂಡರ್‌ನಲ್ಲಿ 32 ಬಾರ್, ಅಂದರೆ 352 ಲೀಟರ್. ನೀರಿನ ಮೇಲಿನ ಲೆಕ್ಕಕ್ಕೆ ತಂದರೆ ನಿಮಿಷಕ್ಕೆ 20 ಲೀಟರ್. ಹೆದರಿದವನು 30 ಎಳೆಯುತ್ತಾನೆ ಅಂದುಕೊಳ್ಳೋಣ. 53 ಮೀಟರ್‌ನಲ್ಲಿ ಅದು ನಿಮಿಷಕ್ಕೆ 189. ತುಂಬಿದ ಸಿಲಿಂಡರ್ ಹನ್ನೊಂದು ಮುಕ್ಕಾಲು ನಿಮಿಷವೂ ಬರುವುದಿಲ್ಲ. ಉಸಿರು ಹತೋಟಿಗೆ ಬರಲು ಎರಡು ನಿಮಿಷ, 21 ಮೀಟರ್‌ವರೆಗೆ ಏರಲು ನಾಲ್ಕು. ಅಷ್ಟಕ್ಕೇ ಸುಮಾರು 940 ಲೀಟರ್. ಅಲ್ಲಿಂದ ಮೇಲೆ ನೈಟ್ರಾಕ್ಸ್ 50, ಅಂದರೆ 50 ಪರ್ಸೆಂಟ್ ಆಮ್ಲಜನಕ, ಉಳಿದದ್ದು ನೈಟ್ರೋಜನ್, 6 ಮೀಟರ್‌ನಲ್ಲಿ ಶುದ್ಧ ಆಮ್ಲಜನಕ. ಅವುಗಳ ಬಗ್ಗೆ ನಮಗೆ ಜಗಳ ಇರಲಿಲ್ಲ.

ಆದರೂ ನನ್ನ ಹೊಟ್ಟೆನೋವು ಬೇರೆ. "ಅಣ್ಣಾ, ಡಿಲ್ಯುಯೆಂಟ್ ಸಿಲಿಂಡರ್ 3 ಲೀಟರ್. ಅದಕ್ಕ ಹೀಲಿಯಮ್ 300 ಲೀಟರ್ ಸಾಕು. ಬೇಲ್‌ಔಟ್‌ಗ 990 ಬೇಕು. ಮೂರ್ ದಿನಕ್ಕ ಮೂರ್ ಸಾವಿರ. ಒಬ್ಬೊಬ್ಬರಿಗೆ!"

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ವೈನಿ ನಕ್ಕರು. "ನಮ್ಮವ್ವಗ ಹೇಳಿದ್ರ, ಗಾಳಿಗೂ ರೊಕ್ಕ ಕೊಡ್ತೀರಾ ಅಂತಿದ್ಲು."

ಅಣ್ಣ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದರು. "ನೀನ ಹೇಳಿದೆಲ್ಲೋ, ಹೊತ್ಕೊಂಡ್ ಹೋಗೂದು, ಹೊತ್ಕೊಂಡ್ ಬರೂದು ಅಂತ. ಮತ್ತ ಎರಡನೇ ದಿನ ಯಾಕ ತುಂಬಸ್ತೀ?"

ನನಗೆ ಮಿರ್ಚಿ ಗಂಟಲಲ್ಲಿ ಸಿಕ್ಕಿದ ಹಾಗಾಯ್ತು. ಹೌದಲ್ವಾ. ದಿನಾ ಖರ್ಚಾಗುವುದು ಡಿಲ್ಯುಯೆಂಟ್. ಬೇಲ್‌ಔಟ್ ಬಳಸದಿದ್ದರೆ ಒಂದು ಸಲ ತುಂಬಿಸಿದ್ದೇ ಮೂರೂ ದಿನ. ಬಳಸಿದರೆ ಬದುಕಿ ಬಂದಿರುತ್ತೇನೆ, ಆಗ ರೊಕ್ಕದ ಮಾತೇ ಬರುವುದಿಲ್ಲ. ಹದಿನಾಲ್ಕು ವರ್ಷ ಅಕೌಂಟ್ಸ್ ನೋಡಿದವನು ಠೇವಣಿಯನ್ನು ಖರ್ಚಿನ ಕಾಲಂನಲ್ಲಿ ಬರೆದಿದ್ದೆ. ಅದೂ ಮೂರು ಸಲ.

ಮೆಸೇಜ್ ಟೈಪ್ ಮಾಡಿದೆ. ಡಿಲ್ಯುಯೆಂಟ್ 15/50, ಬೇಲ್‌ಔಟ್ 18/45 ಇಬ್ಬರಿಗೂ ಒಂದೊಂದು, ನೈಟ್ರಾಕ್ಸ್ 50, ಆಮ್ಲಜನಕ. ತುಂಬಿದ ಮೇಲೆ ನಮ್ಮ ಅನಲೈಸರ್‌ನಲ್ಲಿ ನಾವೇ ಅಳೆದು, ನಮ್ಮ ಕೈಯಿಂದಲೇ ಟೇಪಿನ ಮೇಲೆ ಬರೆಯುತ್ತೇವೆ ಅಂತಲೂ ಸೇರಿಸಿದೆ. ಅಣ್ಣ ಓದಿ ಹೂಂ ಅಂದರು. ಕಳಿಸಿದೆ.

ಹೊರಡಲು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. "ಆ ಮೂರನೇ ಸೆನ್ಸರ್?" ಅಂದರು ಅಣ್ಣ. ಹೊಸದು ತರಿಸಬೇಕಿತ್ತು. ಅದರ ರೊಕ್ಕ ನನ್ನ ಹಾಳೆಯಲ್ಲಿ ಎಲ್ಲೂ ಇರಲಿಲ್ಲ.